ಕೆಂಪು ಮಂಕಿ ಟೋಪಿ

ಚಳಿ ಶುರುವಾಯಿತೆಂದರೆ ದೊಡ್ಡಬೀರಪ್ಪನಿಗೆ ಕಿವಿನೋವು. ತಲೆಗೆ ಕಂಬಳಿ ಹೊದ್ದರೂ ಕುರಿಗಳ ಹಿಂದೆ ಓಡುವಾಗ ಅದು ಹೆಗಲಿಗೆ ಜಾರುತ್ತಿತ್ತು. ಕಿವಿ, ಕುತ್ತಿಗೆ ಎರಡನ್ನೂ ಮುಚ್ಚಿಕೊಳ್ಳಬೇಕೆಂದು ಶಿರಾಳಕೊಪ್ಪದ ಡಾಕ್ಟರು ಬೈದು ಕಳಿಸಿದ್ದರು.

ಹೊಸ ಸೊಸೆ ಸುಷ್ಮಿತಾ ಸಂತೆಯಿಂದ ಕೆಂಪು ಉಲ್ಲನ್ ದಾರ ತಂದು ಮಂಕಿ ಟೋಪಿ ಹೆಣೆದಳು. ಮದುವೆಯಾಗಿ ಬಂದಾಗಿನಿಂದ ಮಾವನ ಬಾಯಲ್ಲಿ ಅವಳು ಬರೀ ‘ಸೊರಬದೋಳು’. ಈ ಟೋಪಿ ಅವನ ತಲೆಗೇರಿದರೆ ತಾನೂ ಈ ಮನೆಯವಳಾಗುತ್ತೇನೆಂದು ಅವಳ ಆಸೆ.

ಟೋಪಿ ತಲೆಗೇನೋ ಏರಿತು. ಆದರೆ ಹಟ್ಟಿಯ ಬಾಗಿಲಲ್ಲಿ ಕೆಂಪು ತಲೆ ಕಂಡದ್ದೇ ತಡ, ಕುರಿಗಳು ಬೆದರಿ ಪಕ್ಕದವರ ಹುರುಳಿ ಹೊಲಕ್ಕೆ ನುಗ್ಗಿದವು. ದೊಡ್ಡಬೀರಪ್ಪ ಟೋಪಿ ಕಿತ್ತು ಸೊಸೆಯ ಕೈಗೆ ತುರುಕಿದ.

"ನನ್ನ ಕುರಿ ನನ್ನ ಗುರ್ತು ಹಿಡಿಯಲ್ಲ ಅಂದ್ರೆ ಇದ್ಯಾಕವ್ವ ನನಗೆ? ಮೊದ್ಲು ಅವು ಒಪ್ಲಿ, ಆಮೇಲೆ ನೋಡಾನ!"

ಅತ್ತೆ ಮಾಳಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ಸುಷ್ಮಿತಾಳಿಗೆ ಅಳು ಬಂತು, ಅದಕ್ಕಿಂತ ಜೋರಾಗಿ ಸಿಟ್ಟು ಬಂತು. ಕುರಿ ಒಪ್ಪಬೇಕೇ? ಒಪ್ಪಿಸಿದರಾಯಿತು!

ಮರುದಿನದಿಂದ ಮಾವ ಚಹಾ ಕುಡಿಯುವ ಹೊತ್ತಿಗೆ ಟೋಪಿಯನ್ನು ತಾನೇ ಹಾಕಿಕೊಂಡು, ಬುಟ್ಟಿಯಲ್ಲಿ ಮೆಕ್ಕೆಜೋಳ ಹಿಡಿದು ಹಟ್ಟಿಗೆ ಹೋಗತೊಡಗಿದಳು. ಮೊದಮೊದಲು ಕುರಿಗಳು ಬೇಲಿಗೆ ಒತ್ತಿಕೊಂಡು ನಿಂತವು. ಆಮೇಲೆ ಒಂದು ಹೊಟ್ಟೆಬಾಕ ಟಗರು ಮುಂದೆ ಬಂತು. ಅದು ಬಂದ ಮೇಲೆ ಉಳಿದವು ಸುಮ್ಮನಿರುತ್ತವೆಯೇ? ಜೋಳ ಕರಗುತ್ತಿದ್ದದ್ದು ಮಾಳಮ್ಮನಿಗೆ ಗೊತ್ತಿತ್ತು. ಕಂಡೂ ಕಾಣದ ಹಾಗಿದ್ದಳು.

ಸಂಕ್ರಾಂತಿ ಹತ್ತಿರ ಬಂದಿತ್ತು. ಒಂದು ಮುಂಜಾನೆ ದೊಡ್ಡಬೀರಪ್ಪ ನೋಯುವ ಕಿವಿಯನ್ನು ಅಂಗೈಯಿಂದ ಒತ್ತಿಕೊಂಡೇ ಹಟ್ಟಿಯ ಬಾಗಿಲು ತೆಗೆದು ಕುರಿಗಳನ್ನು ಕರೆದ. ಅವು ಹೊರಗೆ ಬಂದವು, ಅವನನ್ನು ನೋಡಿದವು, ನೋಡಿ ದಾಟಿಹೋದವು. ಅಂಗಳದಲ್ಲಿ ಕೆಂಪು ಟೋಪಿ ಹಾಕಿ ನಿಂತಿದ್ದ ಸುಷ್ಮಿತಾಳನ್ನು ಇಡೀ ಹಿಂಡು ಮುತ್ತಿಕೊಂಡಿತು. ಕೈಯಲ್ಲಿ ಬುಟ್ಟಿಯಿಲ್ಲ, ಜೋಳವಿಲ್ಲ. ಅವಳು ಬೋರ್‌ವೆಲ್‌ವರೆಗೆ ನಡೆದಳು, ಹಿಂಡೂ ನಡೆಯಿತು. ತಿರುಗಿ ಬಂದಳು, ಹಿಂಡೂ ತಿರುಗಿತು. ಹಿಗ್ಗಿನಿಂದ ಅವಳ ಕಾಲು ನೆಲದ ಮೇಲಿರಲಿಲ್ಲ.

"ಒಪ್ಪಿದಾವೆ ನೋಡ್ರಿ ಮಾವ!"

ಹುಟ್ಟಿದಾಗಿನಿಂದ ಕುರಿ ಕಾಯ್ದವನು ಬಾಯಿ ಬಿಟ್ಟುಕೊಂಡು ನಿಂತ. ಮಾಳಮ್ಮ ಮತ್ತೆ ನಕ್ಕಳು, ಈ ಸಲ ಗಂಡನನ್ನು ನೋಡಿ.

"ಕೊಡವ್ವ ಇತ್ಲಾಗೆ," ಎಂದ ದೊಡ್ಡಬೀರಪ್ಪ. ಟೋಪಿಯನ್ನು ಕಿವಿಯ ಮೇಲೆ ಎಳೆದು ಕುತ್ತಿಗೆಯವರೆಗೆ ಇಳಿಸಿಕೊಂಡು ಹೊರಟ. ಹಿಂಡು ಅವನ ಬೆನ್ನು ಹತ್ತಿತು.

ಓಣಿಯ ತುದಿಯಲ್ಲಿ ಪಕ್ಕದ ಮನೆಯ ಗೋಪಾಲಪ್ಪ ತಡೆದು, "ಇದೇನೋ ಬೀರಪ್ಪ, ಕೆಂಪು ಕೋತಿ ಆಗೀಯಲ್ಲ!" ಎಂದು ಕೆಣಕಿದ.

ದೊಡ್ಡಬೀರಪ್ಪನ ದನಿ ಊರಿಗೆಲ್ಲ ಕೇಳಿಸಿತು.

"ನಮ್ಮನೆ ಹೆಣ್ಮಗಳು ಹೆಣೆದಿದ್ದು ಕಣೋ! ನಿಮ್ಮನೇಲಿ ಯಾರಿದಾರೆ ಹಿಂಗೆ ಹೆಣೆಯೋರು?"