ಅಕ್ಕಿ ಆರಿತು, ಆಡು ಏಳಿತು

ಮೊದಲನೆಯ ಸಿನಿಮಾದಲ್ಲಿ ಹದಿನಾರು ವರ್ಷದ ನಾಯಕಿಗೆ ಹಾಡಿದಾಗ ನನಗೆ ನಲವತ್ತನಾಲ್ಕು ತುಂಬಿತ್ತು. ಶಾಲೆಯ ಹಾಡಿನ ತಂಡವೊಂದು ಸ್ಪರ್ಧೆ ಗೆಲ್ಲುವ ಕಥೆ. ಪರದೆಯ ಮೇಲೆ ಆ ಹುಡುಗಿ ಎರಡು ಜಡೆ ಕುಣಿಸುತ್ತಾ ಮೆಟ್ಟಿಲಿಳಿದು ಬರುತ್ತಿದ್ದಳು, ಕೇಳುತ್ತಿದ್ದದ್ದು ಮೊಣಕಾಲಿಗೆ ಎಣ್ಣೆ ತಿಕ್ಕಿಕೊಂಡು ಬಂದು ಹಾಡಿದ ನನ್ನ ಧ್ವನಿ. ಯಾರಿಗೂ ಅನುಮಾನ ಬರಲಿಲ್ಲ. ಬಸ್ಸಿನಲ್ಲಿ ಕಾಲೇಜು ಹುಡುಗಿಯರು ನನ್ನ ಹಾಡನ್ನೇ ಗುನುಗುತ್ತಾ, “ಆಂಟಿ, ಸ್ವಲ್ಪ ಸರೀರಿ” ಎಂದು ನನ್ನನ್ನೇ ತಳ್ಳಿಕೊಂಡು ಹೋಗುತ್ತಿದ್ದರು. ಆಂಟಿ ಅಂದದ್ದಕ್ಕೆ ಸಿಟ್ಟು ಬಂದರೂ ಒಳಗೊಳಗೇ ಖುಷಿ.

ಮೂರು ವರ್ಷದ ಮೇಲೆ ಅದೇ ಸಿನಿಮಾದ ಎರಡನೆಯ ಭಾಗಕ್ಕೆ ಕರೆ ಬಂತು. ಅವತ್ತೇ ತಣ್ಣೀರು, ಐಸ್‌ಕ್ರೀಂ ಎಲ್ಲ ಬಿಟ್ಟೆ. ಸ್ಟುಡಿಯೋಗೆ ಹೋದರೆ ನಿರ್ಮಾಪಕರು ತಾವೇ ಕುರ್ಚಿ ಎಳೆದು ಕೂರಿಸಿದರು. ಅವರು ಕುರ್ಚಿ ಎಳೆದರೆ ಏನೋ ಎಡವಟ್ಟಾಗಿದೆ ಎಂದೇ ಅರ್ಥ.

“ಅಕ್ಕಾ, ಈ ಸಲ ಹುಡುಗಿ ತಾನೇ ಹಾಡ್ತೀನಿ ಅಂತ ಹಟ ಹಿಡಿದಿದ್ದಾಳೆ. ಹೋದ ಸಲ ಮಾತಿಗೊಬ್ಬರು, ಹಾಡಿಗೊಬ್ಬರು ಧ್ವನಿ ಕೊಟ್ಟಿದ್ರಿ. ಈಗ ಎರಡೂ ತನಗೇ ಬೇಕಂತೆ. ಮೂರು ದಿನ ನೀವೇ ಕಲಿಸಿಕೊಡಿ. ಶುಕ್ರವಾರ ಮುಖ್ಯ ಹಾಡನ್ನ ನೀವೂ ಹಾಡಿ, ಅವಳೂ ಹಾಡಲಿ. ಯಾವುದು ಯಾರದು ಅಂತ ಹೇಳದೆ ಕೇಳಿಸಿ. ನನಗೆ ಹಿಡಿಸಿದ ಧ್ವನಿ ಸಿನಿಮಾ ಪೂರ್ತಿ ಇರುತ್ತೆ.”

ಅವರ ಕಿವಿಗೆ ಪಿಟೀಲೂ ಒಂದೇ, ಎಣ್ಣೆ ಕಾಣದ ಬಾಗಿಲೂ ಒಂದೇ. ಹಾಗಾಗಿ ಪರೀಕ್ಷೆಯಲ್ಲಿ ಮೋಸವೇನೂ ಇರಲಿಲ್ಲ. ಆದರೆ ನನ್ನ ಜಾಗಕ್ಕೆ ಬರುವವಳಿಗೆ ನಾನೇ ಪಾಠ ಹೇಳಿಕೊಡಬೇಕೆಂದರೆ ಮೈ ಉರಿಯದೆ ಇರುತ್ತದೆಯೇ? ಆಗಲಿ ಎಂದೆ. ಇವಳು ಎರಡು ದಿನಕ್ಕೆ ಬಾಲ ಮುದುರಿಕೊಂಡು ಓಡುತ್ತಾಳೆ ಎಂಬ ಧೈರ್ಯ ನನಗೆ.

ಮೊದಲ ದಿನ ಅವಳು ಗಾಜಿನ ಆಚೆ ಮೈಕಿನ ಮುಂದೆ ನಿಂತಳು. ಕಿವಿಗೆ ಹೆಡ್‌ಫೋನು, ಸ್ಟ್ಯಾಂಡಿನ ಮೇಲೆ ಹಾಡಿನ ಹಾಳೆ. ಈಚೆ ನಾನು, ನನ್ನ ಪಕ್ಕ ಧ್ವನಿ ಹಿಡಿಯುವ ಯಂತ್ರದ ಮುಂದೆ ನಮ್ಮ ರೆಕಾರ್ಡಿಂಗಿನವನು. ದಿನವಿಡೀ ಗುಂಡಿ ಒತ್ತುವುದೇ ಕೆಲಸವಾದ್ದರಿಂದ ಅವನನ್ನು ಎಲ್ಲರೂ ಗುಂಡಿ ಎಂದೇ ಕರೆಯುವುದು. ಫ್ಯಾನು ನಿಂತಿತು, ಕೆಂಪು ದೀಪ ಹತ್ತಿತು. ಹಾಡು ಹೀಗಿತ್ತು: ಹಕ್ಕಿ ಹಾರಿತು, ಹಾಡು ಹೇಳಿತು, ಹೊಸ ಹಾದಿ ಹಿಡಿಯಿತು.

ಅವಳು ಹಾಡಿದಳು: “ಅಕ್ಕಿ ಆರಿತು, ಆಡು ಏಳಿತು, ಒಸ ಆದಿ ಇಡಿಯಿತು.”

ಶ್ರುತಿ ಎಳ್ಳಷ್ಟೂ ಆಚೀಚೆ ಇಲ್ಲ, ತಾಳ ಗಟ್ಟಿ, ಧ್ವನಿಯಲ್ಲಿ ನನಗೆಂದೂ ಇರದಿದ್ದ ಒಂದು ಒರಟು ಸಿಹಿ. ಹಕಾರ ಮಾತ್ರ ನಾಪತ್ತೆ. ಗುಂಡಿ ಮೇಜಿನ ಮೇಲೆ ಹಣೆ ಇಟ್ಟು ಅಲುಗಾಡುತ್ತಿದ್ದ.

“ಕಥೆ ಸರಿಯಾಗೇ ಇದೆ ಅಕ್ಕಾ” ಎಂದ. “ಅಕ್ಕಿ ಆರಿದೆ, ಅದನ್ನ ತಿನ್ನೋಕೆ ಆಡು ಎದ್ದಿದೆ.”

ನಾನೂ ನಕ್ಕೆ. ನನ್ನ ನಗುವಿನಲ್ಲಿ ಸ್ವಲ್ಪ ಗೆಲುವೂ ಇತ್ತು, ಸುಳ್ಳೇಕೆ ಹೇಳಲಿ. ಗಾಜಿನಾಚೆಯಿಂದ ಹುಡುಗಿ ಕೇಳಿದಳು: “ಯಾಕಕ್ಕಾ, ಸರಿಯಾಗೇ ಏಳಿದ್ನಲ್ಲ?”

ಅವಳ ಕಿವಿಗೆ ಎರಡೂ ಒಂದೇ. ಹಾಳೆಯಲ್ಲಿದ್ದ ಒಂದೊಂದು ಹಕಾರಕ್ಕೂ ಪೆನ್ಸಿಲಿನಲ್ಲಿ ಸುತ್ತು ಹಾಕಿಕೊಟ್ಟೆ. ಬಾಯಿ ಮುಂದೆ ಅಂಗೈ ಹಿಡಿಸಿ, ಬಿಸಿಯುಸಿರು ತಾಗಬೇಕು ನೋಡು ಎಂದೆ. ಸಂಜೆಯವರೆಗೂ ಅಕ್ಕಿ ಆರುತ್ತಲೇ ಇತ್ತು.

ಎರಡನೆಯ ದಿನ ಅವಳು ಹುರುಪಿನಿಂದ ಬಂದಳು. ರಾತ್ರಿಯೆಲ್ಲ ಅಭ್ಯಾಸ ಮಾಡಿದ್ದಳಂತೆ. ಹಕ್ಕಿ ಹಾರಿತು, ಹಾಡು ಹೇಳಿತು, ಎಲ್ಲವೂ ಸ್ವಚ್ಛ. ನನ್ನ ಎದೆ ಧಸಕ್ಕೆಂದಿತು. ಮುಂದಿನ ಸಾಲು ‘ಅಮ್ಮ, ಆಕಾಶ ಎಷ್ಟು ಎತ್ತರ’ ಎಂದು. ಅವಳು ಕಣ್ಣು ಮುಚ್ಚಿ ಭಾವ ತುಂಬಿ ಹಾಡಿದಳು: “ಹಮ್ಮ, ಹಾಕಾಶ ಹೆಷ್ಟು ಹೆತ್ತರ.”

ಗುಂಡಿ ಎದ್ದು ಹೊರಗೇ ಹೋಗಿಬಿಟ್ಟ. ಬಾಗಿಲು ಮುಚ್ಚಿಕೊಳ್ಳುವವರೆಗೂ ಪಡಸಾಲೆಯಿಂದ ಅವನ ನಗು ಕೇಳುತ್ತಿತ್ತು. ಇಲ್ಲದ ಕಡೆಯಿಂದ ಕಿತ್ತು ತಂದ ಹಕಾರವನ್ನು ಪಾಪದ ಹುಡುಗಿ ಸಿಕ್ಕಸಿಕ್ಕಲ್ಲೆಲ್ಲ ಅಂಟಿಸಿದ್ದಳು. ನನಗೆ ತಾಳ್ಮೆ ಕೆಟ್ಟಿತು.

“ನೋಡಮ್ಮಾ, ಎಲ್ಲರಿಗೂ ಎಲ್ಲಾ ಬರಬೇಕು ಅಂತಿಲ್ಲ. ನೀನು ಚೆನ್ನಾಗಿ ನಟಿಸ್ತೀಯ, ಚೆನ್ನಾಗಿ ಕುಣೀತೀಯ. ಹಾಡಿನ ಉಸಾಬರಿ ಯಾಕೆ ನಿನಗೆ?”

ಅವಳು ಹೆಡ್‌ಫೋನು ತೆಗೆದು ಸ್ಟೂಲಿನ ಮೇಲೆ ಕೂತಳು. ಅತ್ತಾಳೆಂದುಕೊಂಡೆ, ಅಳಲಿಲ್ಲ. “ನನ್ನ ಸಾಕಿದ್ದು ಅಜ್ಜಿ” ಎಂದಳು. “ಅಜ್ಜಿಗೆ ಕಣ್ಣು ಕಾಣಲ್ಲ ಅಕ್ಕಾ. ಮೊದಲನೇ ಸಿನಿಮಾಕ್ಕೆ ಒಸ ಸೀರೆ ಉಟ್ಕೊಂಡು ಬಂದಿದ್ರು. ಎರಡೂವರೆ ಗಂಟೆ ನನ್ನ ಕೈ ಇಡ್ಕೊಂಡು ಕೂತಿದ್ರು. ಮುಗಿದು ಎಲ್ಲರೂ ಎದ್ದು ಓಗ್ತಿದ್ರೆ, ನೀನು ಬರೋದು ಯಾವಾಗ ಅಂತ ಕೇಳಿದ್ರು.”

ನಾನು ಫ್ಲಾಸ್ಕಿನಿಂದ ಬಿಸಿನೀರು ಬಗ್ಗಿಸಿ ಅವಳಿಗೆ ಕೊಟ್ಟೆ. ಆ ಎರಡೂವರೆ ಗಂಟೆಯಲ್ಲಿ ಅರ್ಧ ಭಾಗ ಅಜ್ಜಿಗೂ ಮೊಮ್ಮಗಳಿಗೂ ನಡುವೆ ಅಡ್ಡ ನಿಂತಿದ್ದವಳು ನಾನೇ. ಗೊತ್ತಿದ್ದು ಮಾಡಿದ್ದಲ್ಲ.

“ನಾಳೆ ಒಂದು ಗಂಟೆ ಮುಂಚೆ ಬಾ” ಎಂದೆ.

ಮೂರನೆಯ ದಿನ ನಿಜವಾಗಿಯೂ ಕಲಿಸಲು ಕೂತೆ, ಮತ್ತು ನಿಜವಾಗಿಯೂ ಸೋತೆ. ಮಧ್ಯಾಹ್ನದ ಹೊತ್ತಿಗೆ ನನ್ನ ಹಕಾರವೇ ಸಡಿಲವಾಗತೊಡಗಿತ್ತು. ಊಟಕ್ಕೆ ‘ಓಗೋಣ್ವಾ’ ಎಂದು ನಾನೇ ಕೇಳಿದೆನಂತೆ. ಆಗ ಗುಂಡಿ ಫೋನಿನಲ್ಲಿ ಮನೆಯವಳ ಜೊತೆ ಮಾತಾಡುತ್ತಾ ಮೊಣಕೈಯಿಂದ ತಪ್ಪು ಗುಂಡಿ ಒತ್ತಿಬಿಟ್ಟ. ಅವನ ಮಾತು ನೇರ ಹುಡುಗಿಯ ಹೆಡ್‌ಫೋನಿಗೆ ಹೋಯಿತು.

“ತಡ ಆಗುತ್ತೆ ಕಣೇ. ಅಕ್ಕ ಇವತ್ತು ಕಾದ ಹೆಂಚಾಗಿದ್ದಾರೆ. ಹತ್ತಿರ ಹೋದ್ರೆ ಚುಂಯ್ ಅಂತಾರೆ.”

ಹುಡುಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಸ್ಪೀಕರಿನಲ್ಲಿ ಕೋಣೆ ತುಂಬಾ ಅವಳ ನಗು: ಹಹ್ಹಹ್ಹಾ, ಹಿಹ್ಹಿಹ್ಹೀ, ಹೊಹ್ಹೋ.

“ನಿಲ್ಲಿಸು” ಎಂದೆ. “ಈಗ ಏನಂದೆ?”

ಅವಳು ಹೆದರಿದಳು. “ಏನೂ ಅನ್ಲಿಲ್ಲ ಅಕ್ಕಾ, ನಕ್ಕೆ ಅಷ್ಟೆ.”

“ನಕ್ಕೆಯಲ್ಲ, ಯಾವ ಅಕ್ಷರದಲ್ಲಿ ನಕ್ಕೆ? ಹಕಾರದ ಕಾಗುಣಿತ ಪೂರ್ತಿ ನಿನ್ನ ಹೊಟ್ಟೇಲಿದೆ. ನಗೋದಕ್ಕೆ ಶುರು ಮಾಡು, ಅರ್ಧ ದಾರೀಲಿ ಹಾಡಿಗೆ ಹತ್ತಿಕೋ.”

ಹಹ್ಹ ಎಂದಳು, ಹಕ್ಕಿ ಎಂದಳು. ಹಾಹ್ಹಾ, ಹಾರಿತು. ಎಲ್ಲಿ ಬೇಕೋ ಅಲ್ಲಿ ಮಾತ್ರ ನಗು, ಬೇಡದ ಕಡೆ ಬಾಯಿ ಬಿಗಿ. ಹಮ್ಮ ಹೋಗಿ ಅಮ್ಮನಾದಳು. ಮುಖ್ಯವಾಗಿ, ಹಾಡಿನ ಒಳಗೆಲ್ಲ ನಗು ಸಣ್ಣಗೆ ಉಳಿದುಕೊಂಡಿತ್ತು. ಈ ಹಾಡನ್ನು ಹತ್ತೊಂಬತ್ತು ವರ್ಷದವಳು ಹೀಗೇ ಹಾಡಬೇಕಿತ್ತು. ಮೂವರೂ ಊಟ ಮರೆತು ಸಂಜೆಯವರೆಗೂ ನಕ್ಕೆವು. ಗುಂಡಿಗೆ ನನ್ನನ್ನು ಬೈಯಲು ಪರವಾನಗಿ ಸಿಕ್ಕಂತಾಯಿತು, ಅವನು ಅದನ್ನು ಚೆನ್ನಾಗಿಯೇ ಬಳಸಿಕೊಂಡ.

ಶುಕ್ರವಾರ ಬೆಳಿಗ್ಗೆ ಮೊದಲು ನಾನು ಹಾಡಿದೆ. ಬೇಕೆಂದೇ ಸ್ವಲ್ಪ ಕೆಡಿಸಿ ಹಾಡಲೇ ಎಂಬ ಯೋಚನೆ ಬಂದದ್ದು ನಿಜ. ಆದರೆ ಅದು ಅವಳಿಗೂ ಅವಮಾನ, ನನ್ನ ಗಂಟಲಿಗೂ ಅವಮಾನ. ಇದ್ದಬದ್ದದ್ದನ್ನೆಲ್ಲ ಸುರಿದು ಹಾಡಿದೆ. ಆಮೇಲೆ ಅವಳು ನಿಂತಳು. ಪಲ್ಲವಿ ಮುತ್ತಿನಂತೆ ಬಂತು. ಕೊನೆಗೆ ಹುಡುಗಿ ಆಕಾಶಕ್ಕೆ ಕೂಗಿ ಹೇಳುವ ಸಾಲಿದೆ: ಹೇಳು, ಹೇಳು, ನಾನು ಬಂದದ್ದು ಕೇಳಿಸಿತೇ? ಅಲ್ಲಿ ಅವಳಿಗೆ ಅಳು ಬಂದು ನಗು ಕೈಕೊಟ್ಟಿತು. ‘ಏಳು, ಏಳು’ ಎಂದುಬಿಟ್ಟಳು. ಇನ್ನೊಂದು ಸಲ ತೆಗೆಯೋಣ ಎನ್ನುವಷ್ಟರಲ್ಲಿ ನಿರ್ಮಾಪಕರು ಬಾಗಿಲು ತಳ್ಳಿಕೊಂಡು ಒಳಗೆ ಬಂದಾಗಿತ್ತು.

ಅಜ್ಜಿಯೂ ಬಂದಿದ್ದರು. ಹುಡುಗಿ ಅವರನ್ನು ಬೆಂಚಿನ ಮೇಲೆ ನನ್ನ ಪಕ್ಕ ಕೂರಿಸಿ, ನನಗೆ ಇಲ್ಲಿರೋಕೆ ಆಗಲ್ಲ ಎಂದು ಪಡಸಾಲೆಗೆ ಹೋಗಿ ನಿಂತಳು. ಅದು ಸದ್ದು ಹೊರಗೆ ಹೋಗದ ದಪ್ಪ ಬಾಗಿಲು. ಆಚೆ ಅವಳಿಗೆ ಏನೂ ಕೇಳಿಸುವಂತಿರಲಿಲ್ಲ.

ಗುಂಡಿ ಮೊದಲನೆಯದನ್ನು ಹಾಕಿದ. ನಿರ್ಮಾಪಕರು ತಲೆದೂಗಿ ಕಾಗದದ ಮೇಲೆ ಏನೋ ಗೀಚಿದರು. ಅಜ್ಜಿ ಮಡಿಲಲ್ಲಿ ಕೈ ಜೋಡಿಸಿಕೊಂಡು ಸುಮ್ಮನೆ ಕೂತಿದ್ದರು. ಬೇರೆ ಮನೆಯ ಸಮಾರಂಭಕ್ಕೆ ಬಂದವರ ಹಾಗೆ ಇತ್ತು ಅವರ ಮುಖ.

ಎರಡನೆಯದು ಶುರುವಾಯಿತು. ನಿರ್ಮಾಪಕರ ಪಾದ ತಾಳ ಹಾಕತೊಡಗಿತು. ಪಲ್ಲವಿ ಕಳೆಯಿತು, ಚರಣ ಕಳೆಯಿತು, ಅಜ್ಜಿಯ ಹುಬ್ಬು ಗಂಟಿಕ್ಕಿಕೊಂಡಿತು. ಇಷ್ಟು ಚೊಕ್ಕ ಹಕಾರ ಅವರ ಮನೆಯದಲ್ಲವಲ್ಲ. ಕೊನೆಯ ಸಾಲು ಬಂತು. ‘ಏಳು, ಏಳು’ ಎಂದು ಸ್ಪೀಕರು ಕೂಗಿತು.

ಅಜ್ಜಿ ಎದ್ದು ನಿಂತರು.

“ಎದ್ದೆ ಕಣೇ, ಎದ್ದೆ” ಎಂದರು ಸ್ಪೀಕರಿನ ಕಡೆ ಕೈಚಾಚಿ. “ಬಂದಿದ್ದು ಕೇಳಿಸ್ತು. ಅಷ್ಟು ದೂರ ಯಾಕೆ ನಿಂತಿದ್ದೀಯ, ಒಳಗೆ ಬಾ.”

ನಿರ್ಮಾಪಕರು ಕಾಗದವನ್ನು ಮಡಿಸಿ ಜೇಬಿಗಿಟ್ಟುಕೊಂಡರು. ಅವರ ಮೂಗು ಕೆಂಪಾಗಿತ್ತು.

“ಆ ಏಳು ಹಾಗೇ ಇರಲಿ, ಯಾರೂ ತಿದ್ದಬೇಡಿ” ಎಂದರು. “ಹಾಗಾದ್ರೆ ನಿಮ್ಮದು ಮೊದಲನೇದಾ ಅಕ್ಕಾ?”

“ಹೂಂ, ನಂದೇ. ಗುಂಡಿ, ಅದನ್ನ ಅಳಿಸಿಬಿಡಪ್ಪಾ.”

ಅಷ್ಟು ಚೆನ್ನಾಗಿ ನಾನು ಹತ್ತು ವರ್ಷದಿಂದ ಹಾಡಿರಲಿಲ್ಲ. ಆದರೂ ಹಾಗೆ ಹೇಳುವಾಗ ನನಗೆ ಎಂಥ ಸಂತೋಷವಾಯಿತೆಂದರೆ, ಮೊಣಕಾಲು ನೋವನ್ನೂ ಮರೆತು ಬೆಂಚಿನಿಂದ ಎದ್ದು ಹೋದೆ. ಬಾಗಿಲು ತೆಗೆದು, ಗೋಡೆಗೆ ಹಣೆ ಒತ್ತಿಕೊಂಡು ನಿಂತಿದ್ದವಳ ಭುಜ ಮುಟ್ಟಿದೆ.

“ಅಜ್ಜಿ ಕರೀತಿದ್ದಾರೆ, ಬಾ” ಎಂದೆ.