ನಾಲ್ಕು ಬೆರಳು ಕಮ್ಮಿ

ಹೂ ಮಾರುವವಳ ಅಳತೆಗೋಲು ಅವಳ ಮೈಮೇಲೇ ಇರುತ್ತದೆ. ಮೊಣಕೈಯಿಂದ ನಡುಬೆರಳಿನ ತುದಿಯವರೆಗೆ ಒಂದು ಮೊಳ. ಅದಕ್ಕೆ ಸರ್ಕಾರದ ಮುದ್ರೆ ಇಲ್ಲ, ತಕರಾರೂ ಇಲ್ಲ. ಕಲಾವತಿಗೆ ಆ ಅಳತೆ ಕಲಿಸಿದವಳು ಅವಳ ಅತ್ತೆ ದ್ರೌಪದಮ್ಮ. ಯಲಹಂಕದ ಹಳೇ ಊರಿನ ಬಸ್ ಸ್ಟಾಪಿನ ಪಕ್ಕ, ಬೇವಿನ ಮರದಡಿ ಸೊಸೆಯನ್ನು ಕೂರಿಸಿಕೊಂಡು, ಮಲ್ಲಿಗೆ ಕಟ್ಟುತ್ತ ಕಟ್ಟುತ್ತ ಒಂದೇ ಕಥೆಯನ್ನು ನೂರು ಸಲ ಹೇಳುತ್ತಿದ್ದಳು.

ಏಳು ಕೋಟೆಯಾಚೆ ಒಬ್ಬಳು ಹೂ ಮಾರುವವಳು ಇದ್ದಳಂತೆ. ರಾಜಕುಮಾರಿಯ ಜಡೆಗೆ ಮೊಳ ಹಾಕುವಾಗ ಒಂದು ಬೆರಳಷ್ಟು ಹೂವು ಕದ್ದಳಂತೆ. ಬೆಳಗಾಗುವಷ್ಟರಲ್ಲಿ ಅವಳ ಕೈ ಒಂದು ಬೆರಳು ಗಿಡ್ಡ. ಮಾರನೇ ದಿನ ಇನ್ನೊಂದು ಬೆರಳು ಕದ್ದಳು, ಕೈ ಇನ್ನೊಂದು ಬೆರಳು ಗಿಡ್ಡ. ಕೊನೆಗೆ ಕೈಯೇ ಇಲ್ಲದ ಭುಜಕ್ಕೆ ಹಸಿರು ಬಳೆ ಸಿಕ್ಕಿಹಾಕಿಕೊಂಡಿತ್ತಂತೆ.

"ಅದ್ಕೇ ಕಣಮ್ಮಿ, ಮೊಳ ಆಕಿದ್ಮೇಲೆ ನಾಕು ಮೊಗ್ಗು ಕೊಸರು ಬಿಡು. ನಮ್ ಕೈ ನಮ್ಗಿರ್ಲಿ" ಎನ್ನುತ್ತಿದ್ದಳು ದ್ರೌಪದಮ್ಮ.

ಅತ್ತೆ ಹೋದ ಮೇಲೂ ಕಲಾವತಿ ಇಪ್ಪತ್ತು ವರ್ಷ ಕೊಸರು ಬಿಟ್ಟಳು. ಒಂದು ಮೊಗ್ಗು ಕದಿಯಲಿಲ್ಲ. ಆದರೂ ಅವಳ ಕೈ ಗಿಡ್ಡವಾಯಿತು.

ಎರಡು ಸಾವಿರದ ಹದಿನಾಲ್ಕರ ಯುಗಾದಿಗೆ ನಾಲ್ಕು ದಿನ ಇರುವಾಗ, ನೀರಿನ ಟ್ಯಾಂಕರಿನವನೊಬ್ಬ ಹಿಂದೆ ನೋಡದೆ ರಿವರ್ಸ್ ತೆಗೆದ. ಬುಟ್ಟಿ ಚಪ್ಪಟೆಯಾಯಿತು, ಕಲಾವತಿಯ ಎಡಗೈ ಎರಡು ಕಡೆ ಮುರಿಯಿತು. ಪ್ಲೇಟು ಹಾಕಿ ಹೊಲಿದರು. ಗಾಯ ಮಾಯಿತು, ಮಣಿಕಟ್ಟು ಮಾತ್ರ ಕೊಕ್ಕರೆಯ ಕತ್ತಿನಂತೆ ಒಳಕ್ಕೆ ಬಾಗಿಯೇ ನಿಂತಿತು. ಮೊಳ ಹಾಕಿದರೆ ನಾಲ್ಕು ಬೆರಳು ಕಮ್ಮಿ ಬರುತ್ತಿತ್ತು. ಮಂಡಿಗೆ ಒತ್ತಿ ಹಿಡಿದರೆ ಒಂದು ಗಳಿಗೆ ನೆಟ್ಟಗಾಗುವುದು, ಆದರೆ ಆ ನೋವು ಭುಜ ದಾಟಿ ಹಲ್ಲಿನ ಬುಡದವರೆಗೆ ಹತ್ತುವುದು. ಇನ್ನೊಂದು ಆಪರೇಷನ್ ಆದರೆ ಮಣಿಕಟ್ಟು ಬಿಡಿಸಬಹುದು, ಒಂದೂವರೆ ಲಕ್ಷ ಆಗುತ್ತದೆ ಎಂದಿದ್ದರು ಆಸ್ಪತ್ರೆಯವರು. ಆ ದುಡ್ಡು ಬರಬೇಕಾದರೆ ಟ್ಯಾಂಕರಿನ ಇನ್ಶೂರೆನ್ಸ್ ಕಂಪನಿಯಿಂದಲೇ ಬರಬೇಕಿತ್ತು. ಹಾಗಾಗಿ ಕೇಸು, ಹಾಗಾಗಿ ಲಾಯರ್ ನಂದಕುಮಾರ್.

ಅಂಗವೈಕಲ್ಯ ಎಷ್ಟೆಂದು ಬರೆದುಕೊಡುವ ಡಾಕ್ಟರು ಅವಳ ಕೈಯನ್ನು ಸಂತೆಯಲ್ಲಿ ಬದನೆಕಾಯಿ ಒತ್ತುವ ಹಾಗೆ ಒತ್ತಿ, ತಿರುಚಿ, ಮುಖವನ್ನೇ ನೋಡದೆ "ಮೂವತ್ತೆರಡು ಪರ್ಸೆಂಟ್" ಎಂದರು.

"ಮೂವತ್ತೆರಡು! ಒಳ್ಳೇ ನಂಬರ್ ಬಂತು ಬಿಡಿ!" ಮಗಳು ಪರೀಕ್ಷೆ ಪಾಸಾದ ಅಪ್ಪನ ಹಾಗೆ ನಂದಕುಮಾರ್ ಹಿಗ್ಗಿದ. "ತಿಂಗಳಿಗೆ ಎಷ್ಟ್ ದುಡೀತಿದ್ರಿ? ಚೀಟಿ ಗೀಟಿ ಏನಾದ್ರೂ ಇದ್ಯಾ?"

"ಹೂವಿಗೆ ಯಾರ್ ಚೀಟಿ ಬರೀತಾರೆ ಸಾರ್? ಹಬ್ಬ ಬಂದ್ರೆ ಉಂಟು, ಆಷಾಢ ಬಂದ್ರೆ ಇಲ್ಲ."

"ಹಂಗೆಲ್ಲ ಕೋರ್ಟಲ್ಲಿ ಹೇಳ್ಬೇಡಿ. ಹದಿನೈದ್ ಸಾವಿರ ಅನ್ನಿ. ಕೇಸ್ ಮುಗಿಯೋವರ್ಗೂ ಆ ಮರದ ಕಡೆ ತಲೆ ಹಾಕ್ಬೇಡಿ. ಕೇಳಿದ್ರೆ ಕೈ ಅಲ್ಲಾಡಕ್ಕೇ ಆಗಲ್ಲ ಅನ್ನಿ. ಸ್ವಲ್ಪ ಅಳಿ."

ಕಲಾವತಿಗೆ ಇರುವ ನೋವೇ ಸಾಲದೇನೋ, ಅದಕ್ಕೂ ಇವನು ಕೊಸರು ಕೇಳುತ್ತಿದ್ದಾನಲ್ಲ ಅನ್ನಿಸಿತು.

ಕೇಸು ಎರಡು ವರ್ಷ ಎಳೆಯಿತು. ಮರದ ಕಡೆ ತಲೆ ಹಾಕದಿದ್ದರೆ ಒಲೆ ಉರಿಯುವುದು ಹೇಗೆ! ಮಗಳು ವೇದಾ ಕಾಲೇಜಿಗೆ ಹೋಗುವ ಮುಂಚೆ ಹೂವು ಕಟ್ಟಿಡುವಳು, ಕಲಾವತಿ ಕುಳಿತು ಮಾರುವಳು. ಬರುವವರೆಲ್ಲ ಗೊತ್ತಿದ್ದವರು. "ನೀನೇ ಹಿಡ್ಕೊಳ್ಳಮ್ಮ" ಎಂದು ಅವರ ಕೈಯಲ್ಲೇ ಮೊಳ ಹಾಕಿಸುವಳು.

ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಗೊತ್ತಿಲ್ಲದವನೊಬ್ಬ ಬಂದ. ಕಂಕುಳಲ್ಲಿ ಹೆಲ್ಮೆಟ್ಟು, ಎದೆಯ ಮಟ್ಟಕ್ಕೆ ಹಿಡಿದ ಫೋನು, ಬಾಯಿ ತುಂಬ ಅಕ್ಕ.

"ಅಕ್ಕಾ, ತಂಗೀಗೆ ಸೀಮಂತ. ಐದು ಮೊಳ ಕೊಡಿ. ಪೂರ್ತಿ ಮೊಳ ಹಾಕ್ಬೇಕು ಅಕ್ಕ, ಬಸುರಿ ಮುಡ್ಕೊಳೋದು, ಕಮ್ಮಿ ಆಗ್ಬಾರ್ದು."

"ನೀನೇ ಹಿಡ್ಕೊಳ್ಳಪ್ಪ."

"ಅಯ್ಯೋ, ಗಂಡಸ್ರ ಕೈ ಅಳತೆ ಶುಭ ಅಲ್ವಂತೆ ಅಕ್ಕ. ನಮ್ಮಮ್ಮ ಹೇಳ್ ಕಳ್ಸಿದಾರೆ, ನಿಮ್ ಕೈಯಲ್ಲೇ ಹಾಕ್ಸು ಅಂತ."

ಬಸುರಿಯ ಜಡೆಗೆ ಹೋಗುವ ಹೂವು! ಕಲಾವತಿ ಮಣಿಕಟ್ಟನ್ನು ಮಂಡಿಗೆ ಒತ್ತಿದಳು. ತುಟಿ ಕಚ್ಚಿ ಬೆರಳು ಬಿಡಿಸಿದಳು. ಒಂದು, ಎರಡು, ಮೂರು. ಐದನೇ ಮೊಳಕ್ಕೆ ಕಣ್ಣಿಗೆ ಕತ್ತಲೆ ಬಂತು. ಅದರ ಮೇಲೆ ಅರ್ಧ ಮೊಳ ಕೊಸರು ಬಿಟ್ಟಳು. "ಗಂಡೋ ಹೆಣ್ಣೋ, ಸುಖವಾಗಿ ಆಗ್ಲಿ ಕಣಪ್ಪ" ಎಂದು ಬಾಳೆಲೆಯಲ್ಲಿ ಸುತ್ತಿ ಕೊಟ್ಟಳು.

ಆ ಐದು ಮೊಳ ಕೋರ್ಟಿನಲ್ಲಿ ಎದ್ದು ಬಂತು. ಕಂಪನಿಯ ಲಾಯರು ಲ್ಯಾಪ್‌ಟಾಪ್ ತಿರುಗಿಸಿ ವಿಡಿಯೊ ತೋರಿಸಿದಾಗ ಕಲಾವತಿ ತನ್ನ ಕೈಯನ್ನೇ ಬೇರೆ ಯಾರದೋ ಎಂಬಂತೆ ನೋಡಿದಳು. ಮಂಡಿಗೆ ಒತ್ತಿದ್ದು ಅದರಲ್ಲಿ ಇರಲಿಲ್ಲ. ತುಟಿ ಕಚ್ಚಿದ್ದು ಇರಲಿಲ್ಲ. ನೆಟ್ಟಗಿನ ಕೈ, ಅದರ ಮೇಲೆ ಸರಸರ ಹರಿಯುವ ಮಲ್ಲಿಗೆ, ಅಷ್ಟೇ.

"ಈ ಕೈ ನಿಮ್ದೇ ಏನಮ್ಮ?" ಕಂಪನಿಯ ಲಾಯರು ಕೇಳಿದರು.

ನಂದಕುಮಾರ್ ಕುಳಿತಲ್ಲೇ ಕಣ್ಣು ಹಿಗ್ಗಿಸಿ, ಅಲ್ಲ ಅನ್ನು ಎಂಬಂತೆ ತಲೆ ಅಲ್ಲಾಡಿಸಿದ. ಕಲಾವತಿ ಅವನಿಂದ ಮುಖ ತಿರುಗಿಸಿದಳು.

"ನಂದೇ ಸ್ವಾಮಿ. ಬಸುರಿಗೆ ಅಂದ್ರು, ಅದಕ್ಕೆ ಮಂಡಿಗೆ ಒತ್ಕೊಂಡು..."

"ಹೌದಾ ಅಲ್ವಾ, ಅಷ್ಟ್ ಹೇಳಿ."

"ಹೌದು."

ಟೈಪು ಮಾಡುವವಳು ಟಕ್ ಟಕ್ ಎಂದು ಒಂದು ಪದ ಒತ್ತಿದಳು. ಮಿಕ್ಕಿದ್ದು ಯಾವುದೂ ಹಾಳೆಗೆ ಏರಲಿಲ್ಲ.

ಹೊರಗೆ ಮೆಟ್ಟಿಲ ಮೇಲೆ ಆ ಹೆಲ್ಮೆಟ್ಟಿನವನೇ ನಿಂತಿದ್ದ. ಯಶವಂತ್ ಎಂದು ಹೆಸರು, ಕಂಪನಿಯ ಪರವಾಗಿ ಪತ್ತೆ ಮಾಡುವ ಕೆಲಸ. ಅವಳನ್ನು ಕಂಡವನೇ ಕೈ ಮುಗಿದ.

"ತಂಗಿ ಹೆರಿಗೆ ಆಯ್ತೇನಪ್ಪ?" ಕಲಾವತಿ ಕೇಳಿದಳು. ನಿಜಕ್ಕೂ ತಿಳಿದುಕೊಳ್ಳಬೇಕಿತ್ತು ಅವಳಿಗೆ.

"ಯಾವ ತಂಗಿ?" ಎಂದವನಿಗೆ ಆಮೇಲೆ ನೆನಪಾಗಿ ನಗು ಬಂತು. "ಓ, ಅದಾ! ನಂಗ್ ತಂಗಿ ಇಲ್ಲಕ್ಕ. ಡ್ಯೂಟಿ."

ತೀರ್ಪು ಬಂತು. ಮೂವತ್ತೆರಡು ಪರ್ಸೆಂಟ್ ಇದ್ದದ್ದು ಒಂಬತ್ತಾಗಿತ್ತು. ಗಳಿಕೆಗೆ ದಾಖಲೆ ಇಲ್ಲವೆಂದು ಅದನ್ನೂ ಇಳಿಸಿದ್ದರು. ಆಸ್ಪತ್ರೆಯ ಸಾಲ, ಲಾಯರ್ ಫೀಸು ಕಳೆದರೆ ಉಳಿದದ್ದು ಆಪರೇಷನ್ನಿನ ಕಾಲು ಭಾಗಕ್ಕೂ ಸಾಲದು.

"ಅಲ್ಲ ಅಂದಿದ್ರೆ ಮುಗೀತಿತ್ತು. ಹರಿಶ್ಚಂದ್ರನ ಮೊಮ್ಮಗಳು!" ನಂದಕುಮಾರ್ ಫೈಲು ಕಟ್ಟುತ್ತ ಗೊಣಗಿದ. ತನ್ನ ಪಾಲನ್ನು ಮಾತ್ರ ಒಂದು ಪೈಸೆ ಬಿಡಲಿಲ್ಲ.

ಮರುವರ್ಷ ಗೌರಿ ಹಬ್ಬದ ಹಿಂದಿನ ಸಂಜೆ ಬೇವಿನ ಮರದಡಿ ಗಿರಾಕಿಗಳ ಸಾಲಿತ್ತು. ಸಾಲು ದಾಟಿ ಮುಂದಕ್ಕೇ ಒಂದು ಬೈಕು ಬಂದು ನಿಂತಿತು. ಯಶವಂತ್.

"ಅಕ್ಕಾ, ಬೇಜಾರಿಲ್ಲ ತಾನೆ? ಎರಡು ಮೊಳ ಕೊಡಿ. ಅವತ್ತಿನ ಹೂವು ಮೂರು ದಿನ ಬಾಡ್ಲಿಲ್ಲ. ನಮ್ಮನೆಯವ್ಳು ನಿಮ್ಮದೇ ಬೇಕು ಅಂತ ಕೂತಿದಾಳೆ."

ವೇದಾ ನೀರು ಚಿಮುಕಿಸುವ ಚೊಂಬು ಹಿಡಿದು ಎದ್ದಳು. ಕಲಾವತಿ ದುಪಟ್ಟಾ ಎಳೆದು ಮಗಳನ್ನು ಕೂರಿಸಿದಳು. ಆಮೇಲೆ ಮಣಿಕಟ್ಟನ್ನು ಮಂಡಿಗೆ ಒತ್ತದೆ, ಬೆರಳು ಬಿಡಿಸದೆ, ಇದ್ದ ಹಾಗೇ ಬಾಗಿದ ಕೈಯಲ್ಲಿ ಎರಡು ಮೊಳ ಅಳೆದು ಕತ್ತರಿಸಿದಳು. ಕೊಸರು ಬಿಡಲಿಲ್ಲ.

"ಇದೇನಕ್ಕ, ಗಿಡ್ಡ ಆಯ್ತಲ್ಲ?"

"ಇದೇ ನನ್ ಮೊಳ. ಫೋನ್ ತೆಗ್ಯಪ್ಪ, ಇದನ್ನೂ ಹಿಡ್ಕೋ. ಹೋಗಿ ನಿಮ್ ಸಾಹೇಬ್ರಿಗೆ ತೋರ್ಸು."

ಸಾಲಿನಲ್ಲಿದ್ದ ಹೆಂಗಸರು ಕಿಸಕ್ಕನೆ ನಕ್ಕರು. ಯಶವಂತ್ ಕಿವಿ ಕೆಂಪಾಗಿಸಿಕೊಂಡು, ದುಡ್ಡು ಬುಟ್ಟಿಗೆ ಎಸೆದು ಬೈಕು ತಿರುಗಿಸಿದ.

ಕಲಾವತಿಗೆ ನಗು ಬರಲಿಲ್ಲ. ಮಿಕ್ಕ ಹೂವಿನ ಉಂಡೆಯ ತುದಿಯಲ್ಲಿ, ಅವನಿಗೆ ಹೋಗಬೇಕಿದ್ದ ಎಂಟು ಬೆರಳು ಮಲ್ಲಿಗೆ ಜೋತುಬಿದ್ದಿತ್ತು. ಬದುಕಿನಲ್ಲಿ ಮೊದಲ ಸಲ ಅಳತೆ ಕದ್ದಿದ್ದಳು. ಕದಿಯುವ ಹಾಗೆ ಮಾಡಿದ್ದ ಅವನು. ಆ ತುಂಡನ್ನು ದೇವರಿಗೆ ಇಡಲು ಮನಸ್ಸಾಗಲಿಲ್ಲ, ಮಾರಲೂ ಆಗಲಿಲ್ಲ. ಹಲ್ಲಿನಲ್ಲಿ ದಾರ ಕಚ್ಚಿ ಹರಿದು, ಚರಂಡಿಗೆ ಎಸೆದು, ಚೊಂಬಿನ ನೀರಲ್ಲಿ ಎರಡೂ ಕೈ ತೊಳೆದುಕೊಂಡಳು.

"ಮಿಕ್ಕಿದವರಿಗೆ ನೀನೇ ಮೊಳ ಹಾಕು ವೇದಾ. ಕೊಸರು ಬಿಡು."

ಮಾರನೇ ಬೆಳಿಗ್ಗೆ ಎಚ್ಚರವಾದ ಕೂಡಲೇ ಕಲಾವತಿ ಚಾಪೆಯ ಮೇಲೆ ಎಡಗೈ ಚಾಚಿ, ಬಲಗೈಯಿಂದ ಗೇಣು ಹಾಕಿ ನೋಡಿದಳು. ನಿನ್ನೆ ಎಷ್ಟಿತ್ತೋ ಅಷ್ಟೇ ಇತ್ತು. ಕದ್ದಿದ್ದರೂ, ಅತ್ತೆಯ ಕಥೆಯಲ್ಲಾದಂತೆ ಒಂದು ಬೆರಳೂ ಕಮ್ಮಿಯಾಗಿರಲಿಲ್ಲ. ಅಂದರೆ ಯಶವಂತನ ಎರಡು ಕೈಗಳೂ ಈ ಹೊತ್ತಿನಲ್ಲಿ ಎಲ್ಲೋ ಒಂದು ಹಾಸಿಗೆಯ ಮೇಲೆ, ಪೂರ್ತಿ ಉದ್ದಕ್ಕೆ, ಹಾಯಾಗಿ ಚಾಚಿಕೊಂಡಿರುತ್ತವೆ.

ಬಾಯೆಲ್ಲ ಕಹಿಯಾಯಿತು. ಎದ್ದು ಹೋಗಿ ಹಿತ್ತಲಲ್ಲಿ ಉಗಿದು ಬಂದಳು.