ಗೀರು ಬೀಳದ ಹಾಗೆ

ಕಂಬ ಬಂದದ್ದು ಉದ್ದನೆಯ ರಟ್ಟಿನ ಪೆಟ್ಟಿಗೆಯಲ್ಲಿ. ಲಿಫ್ಟಿನಲ್ಲಿ ಹಿಡಿಸಲಿಲ್ಲವಂತೆ, ಸೊಸೆ ಅದನ್ನು ಹೆಗಲ ಮೇಲೆ ಹೊತ್ತು ಮೆಟ್ಟಿಲು ಹತ್ತಿ ಬಂದಿದ್ದಳು. ಏದುಸಿರು ಬಿಡುತ್ತಾ ನಡುಮನೆಯ ಗೋಡೆಗೆ ಒರಗಿಸಿ, "ಮಾವ, ಬೈಬೇಡಿ" ಎಂದಳು.

"ಏನದು, ನೀರಿನ ಪೈಪಾ?"

"ಡಾನ್ಸ್ ಪೋಲ್. ಹತ್ತಿ ಕುಣಿಯೋ ಕಂಬ. ಮೊಳೆ ಹೊಡಿಯೋ ಹಾಗಿಲ್ಲ, ತೂತು ಕೊರಿಯೋ ಹಾಗಿಲ್ಲ. ಬುಡದಲ್ಲಿ ತಿರುಪಿದ್ರೆ ಮೇಲಕ್ಕೆ ಎದ್ದು ಸೀಲಿಂಗಿಗೆ ಒತ್ತಿಕೊಂಡು ನಿಲ್ಲುತ್ತೆ."

ಬೈಯದೆ ಇರುವುದು ನನಗೆ ಬರುವುದಿಲ್ಲ. "ಮೇಲೆ ಏನಿದೆ ಅಂತ ಕತ್ತೆತ್ತಿ ನೋಡಿದ್ಯಾ? ಕಣ್ಣೇನು ಅಡವಿಟ್ಟಿದ್ಯಾ?"

ಅವಳು ನೋಡಲಿಲ್ಲ. ಮೇಲೆ ಏನಿದೆ ಎಂದು ಅವಳಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

ನಾನು ಗಾರೆ ಕೆಲಸದವನು. ಕಂಡವರ ಮನೆಗಳಿಗೆಲ್ಲ ಕರಣೆ ಆಡಿಸಿ ಸಾಕಾದ ಮೇಲೆ ನನ್ನ ಮನೆಯ ಸೀಲಿಂಗ್ ಮಾಡಲು ಹೊರಟಾಗ ಮಗ ಜೊತೆಗೆ ನಿಂತ. ಒದ್ದೆ ಪ್ಲಾಸ್ಟರಿನ ಮೇಲೆ ಗಡುಸು ಬ್ರಷ್ ಒತ್ತಿ ತಿರುಗಿಸಿದರೆ ಬಿಚ್ಚಿದ ಬೀಸಣಿಗೆಯಂಥ ಉಬ್ಬುಗೆರೆಗಳು ಏಳುತ್ತವೆ. ನನ್ನ ಬೀಸಣಿಗೆಗಳೆಲ್ಲ ಬಲಕ್ಕೆ ವಾಲಿವೆ. ಮಗ ಎಡಚ. ನಡುಮನೆಯ ಸರಿಯಾಗಿ ಮಧ್ಯಕ್ಕೆ, ಒಂದು ಚಾಪೆಯಷ್ಟು ಜಾಗದಲ್ಲಿ, ಅವನವು ಎಡಕ್ಕೆ ವಾಲಿವೆ. ಕೆರೆದು ಹಾಕುತ್ತೇನೆ ಎಂದು ನಾನು ಕೂಗಾಡಿದ್ದೆ. ನನ್ನ ಹೆಂಡತಿ, "ಇರಲಿ ಬಿಡಿ, ಮಗು ಮಾಡಿದ್ದು" ಎಂದಿದ್ದಳು. ಮೀಸೆ ಬಂದ ಮಗು!

ಈಗ ಅವಳೂ ಇಲ್ಲ, ಅವನೂ ಇಲ್ಲ. ಅವನು ಬೇರೆ ಯಾರದೋ ಕಟ್ಟಡದ ಸಾರುವೆಯಿಂದ ಬಿದ್ದ. ಉಳಿದವರು ನಾನು ಮತ್ತು ಅವನ ಹೆಂಡತಿ. ಒಬ್ಬರ ಮುಖ ಒಬ್ಬರು ನೋಡದ ಹಾಗೆ ಊಟ ಮಾಡುವುದನ್ನು ಇಬ್ಬರೂ ಕಲಿತುಕೊಂಡಿದ್ದೆವು.

"ಮದುವೆಗೆ ಮುಂಚೆ ನಾನಿದ್ದ ಡಾನ್ಸ್ ತಂಡ ಇದೆಯಲ್ಲ ಮಾವ, ದೇಶ ದೇಶ ಸುತ್ತೋದು, ಅವರು ಮಳೆಗಾಲ ಮುಗಿದ ಮೇಲೆ ಜನ ಆರಿಸ್ತಾರಂತೆ" ಎಂದಳು. "ಅಭ್ಯಾಸ ಮಾಡೋಕೆ ಎಲ್ಲೂ ಜಾಗ ಇಲ್ಲ. ಮೊದಲು ಹೋಗ್ತಿದ್ದ ಕ್ಲಾಸೂ ಮುಚ್ಚಿಹೋಯ್ತು. ಆರಿಸಿದ್ರೆ ಹೋಗ್ತೀನಿ. ಮೊದಲೇ ಹೇಳಿಬಿಡ್ತೀನಿ."

"ಹೋಗು. ನಾನೇನು ಕಟ್ಟಿ ಹಾಕಿದೀನಾ?"

ಹೇಳಿದ್ದೇನೋ ಹೇಳಿದೆ, ಆದರೆ ಅವಳು ಹೋದರೆ ಈ ಮನೆಯಲ್ಲಿ ನಾನು ಬೈಯಲೂ ಜನವಿಲ್ಲ. ಸೀಲಿಂಗ್ ಹಾಳಾಗುತ್ತದೆ ಎಂದು ಒಂದು ಮಾತು ಗಟ್ಟಿಯಾಗಿ ಹೇಳಿದ್ದರೆ ಅವಳು ಪೆಟ್ಟಿಗೆಯನ್ನು ಬಿಚ್ಚದೆ ವಾಪಸು ಕಳಿಸುತ್ತಿದ್ದಳು. ಆದರೆ ಅವನು ಸತ್ತ ಮೇಲೆ ಅವಳು ಬೇಕು ಎಂದು ಬಾಯಿಬಿಟ್ಟು ಕೇಳಿದ್ದು ಇದೊಂದನ್ನೇ.

"ಒಂದೇ ಒಂದು ಗೀರು ಬಿದ್ದರೂ ಕಿತ್ತು ಬಿಸಾಕ್ತೀನಿ" ಎಂದೆ.

ಮಾರನೆಯ ಬೆಳಿಗ್ಗೆ ಏಣಿ ಹತ್ತಿ ಬೆರಳ ಗೆಣ್ಣಿನಿಂದ ತಟ್ಟಿ ನೋಡಿದೆ. ಟೊಳ್ಳು ಸದ್ದಿಲ್ಲ, ಮೇಲೆ ಗಟ್ಟಿ ಕಾಂಕ್ರೀಟು. ಮಧ್ಯ ಬಿಟ್ಟು ಬೇರೆಡೆ ನಿಲ್ಲಿಸಿದರೆ ಅವಳ ಕಾಲು ಗೋಡೆಗೆ ಬಡಿಯುತ್ತದೆ. ಮಧ್ಯಕ್ಕೇ ನಿಲ್ಲಿಸಬೇಕು, ಅಂದರೆ ಅವನ ಬೀಸಣಿಗೆಗಳ ಮೇಲೆಯೇ. ಕಂಬದ ತಲೆ ಉಬ್ಬುಗೆರೆಗಳ ಮೇಲೆ ಕೂತರೆ ಅವಳು ಹಿಡಿದು ಸುತ್ತಿದಾಗಲೆಲ್ಲ ಗೆರೆ ಪುಡಿಯಾಗುತ್ತದೆ, ಪುಡಿಯಾದಷ್ಟೂ ಹಿಡಿತ ಸಡಿಲವಾಗುತ್ತದೆ, ಆಮೇಲೆ ಒಂದು ದಿನ ಕಂಬವೂ ಅವಳೂ ಒಟ್ಟಿಗೆ ನೆಲಕ್ಕೆ. ಈ ಮನೆಗೆ ಒಬ್ಬರು ಬಿದ್ದದ್ದು ಸಾಕು.

ಅಗಲವಾದ ಪ್ಲೈವುಡ್ ಬಿಲ್ಲೆ ಕತ್ತರಿಸಿದೆ. ಪಾತ್ರೆ ಮುಚ್ಚುವ ತೆಳು ಪ್ಲಾಸ್ಟಿಕ್ ಹಾಳೆಯನ್ನು ಸೀಲಿಂಗಿಗೆ ಅಂಟಿಸಿ, ಬಿಲ್ಲೆಯ ಮೇಲೆ ಹಸಿ ಪ್ಲಾಸ್ಟರ್ ಬಳಿದು, ಮೇಲಕ್ಕೆ ಒತ್ತಿ, ಕೆಳಗಿನಿಂದ ಕೋಲು ಕೊಟ್ಟು ನಿಲ್ಲಿಸಿದೆ. ಗಟ್ಟಿಯಾದ ಮೇಲೆ ಇಳಿಸಿದರೆ ಅಚ್ಚು ಸಿಕ್ಕಿತ್ತು. ಸೀಲಿಂಗಿನಲ್ಲಿ ಉಬ್ಬಿದ್ದ ಕಡೆ ಬಿಲ್ಲೆಯಲ್ಲಿ ತಗ್ಗು. ಎರಡೂ ಒಂದರೊಳಗೊಂದು ಕೂರುತ್ತವೆ, ಭಾರ ಯಾವ ಗೆರೆಯ ಮೇಲೂ ಒಂಟಿಯಾಗಿ ಬೀಳುವುದಿಲ್ಲ. ನಡುವೆ ತೆಳ್ಳನೆಯ ರಬ್ಬರ್ ಹಾಳೆ ಇಟ್ಟರೆ ಆಯಿತು.

ಸೊಸೆ ಬಿಲ್ಲೆಯನ್ನು ಮಡಿಲಲ್ಲಿಟ್ಟುಕೊಂಡು ಗೆರೆಗಳ ಮೇಲೆ ಬೆರಳಾಡಿಸಿದಳು. "ಮಾವ, ಇದರಲ್ಲಿ ಅವರ ಬೀಸಣಿಗೆ ಬಲಕ್ಕೆ ವಾಲಿದೆ. ನಿಮ್ಮದರ ಥರಾನೇ."

"ಅಚ್ಚಲ್ವಾ, ಎಲ್ಲಾ ತಿರುಗುಮುರುಗು."

"ಅವರಿಗೆ ತೋರಿಸಬೇಕಿತ್ತು" ಎಂದಳು. ನಾನು ತೂಗುಗುಂಡು ಹುಡುಕುವ ನೆಪದಲ್ಲಿ ಒಳಗೆ ಹೋದೆ.

ಕಂಬ ನಿಂತಿತು. ಗುಂಡು ಬಿಟ್ಟು ನೋಡಿದೆ, ಕೂದಲೆಳೆಯಷ್ಟೂ ವಾಲಿರಲಿಲ್ಲ. ಮೊದಲು ನಾನೇ ಜೋತಾಡಿ ನೋಡಿದೆ. ಸೊಸೆ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು, ಎಷ್ಟೋ ಕಾಲದ ಮೇಲೆ. ಕೆಳಗಿನ ಮನೆಯಾಕೆ ಬಂದು, "ಏನ್ರೀ ಅದು ಧಡಧಡ?" ಎಂದು ಕೇಳಿದಾಗ, "ಬಟ್ಟೆ ಒಣಗಿಹಾಕೋ ಕಂಬ" ಎಂದೆ. "ಅಷ್ಟು ಸದ್ದಾ?" "ಒದ್ದೆ ಬಟ್ಟೆ, ಭಾರ ನೋಡಿ."

ಮಳೆಗಾಲವೆಲ್ಲ ಅವಳು ಹತ್ತಿದಳು, ಜಾರಿದಳು, ಮೊಣಕಾಲು ಕಂದಿಸಿಕೊಂಡಳು, ಮತ್ತೆ ಹತ್ತಿದಳು. ನಾನು ಕುರ್ಚಿಯಲ್ಲಿ ಕೂತು ಮೇಲೆ ನೋಡುತ್ತಿದ್ದೆ. ಅಭ್ಯಾಸ ಮುಗಿದ ಮೇಲೆ ಬಗ್ಗಿ ನೆಲ ಸವರುತ್ತಿದ್ದೆ. ಬೆರಳಿಗೆ ಬಿಳಿ ಪುಡಿ ಹತ್ತಿದರೆ ಕಂಬ ಕೀಳಬಹುದು. ಕಿತ್ತರೆ ಅವಳು ಹೋಗಲಾರಳು. ನಾಚಿಕೆಯಾಗಬೇಕು ನನಗೆ, ಆದರೆ ಪುಡಿ ಉದುರಲಿ ಎಂದು ಕಾದದ್ದೂ ಉಂಟು. ಒಂದು ಕಣವೂ ಉದುರಲಿಲ್ಲ. ಅವಳಿಗೆ ಹಸಿವು ಮರಳಿತು, ಪಾತ್ರೆ ತೊಳೆಯುವಾಗ ಗುನುಗತೊಡಗಿದಳು. ಕೊನೆಗೆ ಕಂಬದ ತುದಿಯಲ್ಲಿ ತಲೆಕೆಳಗಾಗಿ, ಕೈ ಬಿಟ್ಟು ನಿಂತಳು. ಆಗಲೇ ನನಗೆ ತಿಳಿಯಿತು, ಇವಳನ್ನು ತಂಡದವರು ಬಿಡುವುದಿಲ್ಲ.

ಬಿಡಲಿಲ್ಲ. ಆಯ್ಕೆಯಾದ ಸುದ್ದಿ ಬಂದ ಸಂಜೆ ನಾನು ಡ್ರಿಲ್ ತೆಗೆದುಕೊಂಡು ಬಂದೆ.

"ಈ ತಿರುಪು ಗಿರುಪು ನಂಬೋಕಾಗಲ್ಲಮ್ಮ. ನಾಲ್ಕು ಬೋಲ್ಟ್ ಹೊಡೆದು ಕಾಯಂ ಮಾಡಿಬಿಡೋಣ. ರಜಕ್ಕೆ ಬಂದಾಗ ಬೇಕಾಗುತ್ತಲ್ಲ."

ಅವಳು ನನ್ನನ್ನೇ ನೋಡಿದಳು. "ಮಾವ, ಸೀಲಿಂಗು..."

"ಹಾಳಾಗಿ ಹೋಗಲಿ ಸೀಲಿಂಗು!"

ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಅವಳು ಮೆಲ್ಲಗೆ ನನ್ನ ಕೈಯಿಂದ ಡ್ರಿಲ್ ಬಿಡಿಸಿ ಮೇಜಿನ ಮೇಲಿಟ್ಟಳು. "ಬೇಡ ಮಾವ. ಕಂಬ ಜೊತೆಗೆ ತಗೊಂಡು ಹೋಗ್ತೀನಿ" ಎಂದಳು. ಅವಳ ಕಣ್ಣು ತುಂಬಿತ್ತು, ಆದರೆ ಮಾತು ನಡುಗಲಿಲ್ಲ. ರಜದ ವಿಷಯ ಅವಳೂ ಎತ್ತಲಿಲ್ಲ, ನಾನೂ ಮತ್ತೆ ಕೇಳಲಿಲ್ಲ.

ಹೊರಡುವ ದಿನ ಅವಳು ಬುಡ ತಿರುಪಿದಳು, ನಾನು ಏಣಿಯ ಮೇಲೆ ನಿಂತು ಬಿಲ್ಲೆ ಹಿಡಿದುಕೊಂಡೆ. ಅದು ಸಲೀಸಾಗಿ ಕೈಗೆ ಬಂತು. "ನೋಡಿ ಮಾವ, ಒಂದು ಗೀರಿಲ್ಲ" ಎಂದಳು. ಕೊಟ್ಟ ಮಾತು ಉಳಿಸಿಕೊಂಡ ಸಮಾಧಾನ ಅವಳ ಮುಖದಲ್ಲಿತ್ತು. ಆಮೇಲೆ ಬಿಲ್ಲೆಯನ್ನು ಟವೆಲಿನಲ್ಲಿ ಸುತ್ತತೊಡಗಿದಳು.

"ಅದು ಬೇರೆ ಯಾವ ಸೀಲಿಂಗಿಗೂ ಕೂರಲ್ಲ ಕಣಮ್ಮ."

"ಗೊತ್ತು ಮಾವ" ಎಂದು ಸುತ್ತಿ, ಚೀಲದ ತಳದಲ್ಲಿ ಬಟ್ಟೆಗಳ ನಡುವೆ ಇಟ್ಟುಕೊಂಡಳು.

ಬಂದ ಹಾಗೆಯೇ ಪೆಟ್ಟಿಗೆಯನ್ನು ಹೆಗಲಿಗೇರಿಸಿ ಮೆಟ್ಟಿಲಿಳಿದಳು. ಹೆಜ್ಜೆ ಸದ್ದು ಕೇಳದಾದ ಮೇಲೆ ಬಾಗಿಲು ಹಾಕಿದೆ. ಏಣಿ ಇನ್ನೂ ಅಲ್ಲೇ ಇತ್ತು. ಟಾರ್ಚ್ ತಂದು ಹತ್ತಿದೆ. ಪ್ಲಾಸ್ಟರಿನ ಕುಂದು ಹುಡುಕಬೇಕಾದರೆ ಬೆಳಕನ್ನು ಪಕ್ಕದಿಂದ ಬಿಡಬೇಕು, ಎಷ್ಟು ಸಣ್ಣ ಗೀರಾದರೂ ನೆರಳು ಕೊಡುತ್ತದೆ. ಎಡಕ್ಕೆ ವಾಲಿದ ಬೀಸಣಿಗೆಗಳ ಮೇಲೆ ಒಂದೊಂದಾಗಿ ಬೆಳಕು ಹಾಯಿಸಿದೆ. ಎಲ್ಲ ಇದ್ದ ಹಾಗೇ ಇದ್ದವು. ಕೆಳಗೆ ನೆಲದ ಮೇಲೂ ಕಂಬ ನಿಂತಿದ್ದ ಗುರುತಿಲ್ಲ. ಈ ಮನೆಯಲ್ಲಿ ಅವಳೊಬ್ಬಳು ಇದ್ದಳು, ನಕ್ಕಳು ಎಂದು ಯಾರಿಗಾದರೂ ತೋರಿಸೋಣವೆಂದರೆ ಏನೂ ಇಲ್ಲ. ಅಷ್ಟು ಚೊಕ್ಕವಾಗಿ ಕೆಲಸ ಮಾಡಿದ್ದೆ.

ಅಳು ಬಂತು. ಕಣ್ಣೊರೆಸಿಕೊಂಡು, ಏಣಿಯ ಇನ್ನೊಂದು ಮೆಟ್ಟಿಲು ಹತ್ತಿ, ಎಲ್ಲಾದರೂ ಒಂದು ಗೀರು ಬಿದ್ದಿರಬಹುದೇ ಎಂದು ಮತ್ತೆ ಮೊದಲಿನಿಂದ ಹುಡುಕತೊಡಗಿದೆ.